ತಿಂಗಳು ಮುಗಿಯುವ ಮುನ್ನ ಮುಗಿಯುವ ಪಗಾರ: ರಾಯಚೂರು, ಮಾನ್ವಿ, ದೇವದುರ್ಗದ ಮನೆಗಳ ಲೆಕ್ಕ

ರಾಯಚೂರು: ತಿಂಗಳ ಮೊದಲ ವಾರದಲ್ಲಿ ಕೈಸೇರಿದ ಪಗಾರ ಇಪ್ಪತ್ತನೇ ತಾರೀಕಿನ ಹೊತ್ತಿಗೆ ಖಾಲಿಯಾಗಿ, ಉಳಿದ ಹತ್ತು ದಿನಗಳನ್ನು ಕಿರಾಣಿ ಅಂಗಡಿಯ ಉದ್ರಿಯಲ್ಲೂ ಪರಿಚಿತರ ಕೈಗಡದಲ್ಲೂ ನೂಕುವುದು ಈ ಭಾಗದ ಅನೇಕ ಕುಟುಂಬಗಳಿಗೆ ಹೊಸದಲ್ಲ. ಮರು ತಿಂಗಳ ಪಗಾರ ಬಂದ ದಿನವೇ ಅದರ ಒಂದು ಪಾಲು ಹಳೆಯ ಬಾಕಿಗೆ ಸಂದಾಯವಾಗುತ್ತದೆ. ಹೀಗಾಗಿ ಹೊಸ ತಿಂಗಳು ಆರಂಭವಾಗುವುದೇ ಕೊರತೆಯಿಂದ.

ಆದಾಯ ಕಡಿಮೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ವಿವರಣೆ. ಅದು ಸುಳ್ಳಲ್ಲ, ಆದರೆ ಅಪೂರ್ಣ. ರಾಯಚೂರು ನಗರ, ಮಾನ್ವಿ ಮತ್ತು ದೇವದುರ್ಗ ಈ ಮೂರೂ ಕಡೆ ದುಡಿಮೆಯ ಬಗೆ ಬೇರೆ ಬೇರೆ. ಆದರೂ ಒಂದು ತೊಡಕು ಮಾತ್ರ ಸಮಾನವಾಗಿದೆ: ದುಡ್ಡು ಬರುವ ತಾರೀಕು ಅನಿಶ್ಚಿತ, ಕೊಡಬೇಕಾದ ತಾರೀಕು ಖಚಿತ. ಸಂಘದ ಕಂತು ಮಂಗಳವಾರವೆಂದರೆ ಮಂಗಳವಾರವೇ, ಶಾಲೆಯ ಶುಲ್ಕ ಜೂನ್ ಎಂದರೆ ಜೂನ್‌ನಲ್ಲೇ. ಈ ಎರಡು ತಾರೀಕುಗಳ ನಡುವಿನ ಅಂತರವನ್ನು ತುಂಬುವುದು ಸಾಲ, ಅದನ್ನು ಕಾಯಂಗೊಳಿಸುವುದು ಬಡ್ಡಿ. ಆರ್ಥಿಕ ಸ್ಥಿರತೆಯ ಬಗ್ಗೆ ಈ ಭಾಗದಲ್ಲಿ ಮಾತನಾಡುವವರು ಮೊದಲು ಈ ಅಂತರವನ್ನು ನೋಡಬೇಕಾಗುತ್ತದೆ.

ಜಿಲ್ಲೆಯ ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಜಿಲ್ಲೆ ರಾಯಚೂರು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 19.28 ಲಕ್ಷ, ಸಾಕ್ಷರತೆ ಶೇ 59.56. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳ ಪೈಕಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಸಂವಿಧಾನದ 371 (ಜೆ) ವಿಧಿಯ ಸೌಲಭ್ಯ ಬಂದಿತು. 2018ರಲ್ಲಿ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಯಾದಗಿರಿಯೊಂದಿಗೆ ರಾಯಚೂರೂ ಸೇರಿತು.

ಹಾಗೆಂದು ಇದು ಏನೂ ಇಲ್ಲದ ಜಿಲ್ಲೆಯಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ರಾಜ್ಯಕ್ಕೆ ವಿದ್ಯುತ್ ಒದಗಿಸುತ್ತಿದೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ, ರಾಯಚೂರಿನ ಹತ್ತಿ ಮಾರುಕಟ್ಟೆ ನೆರೆಯ ರಾಜ್ಯಗಳಿಗೂ ಪರಿಚಿತ. ಸಂಪತ್ತು ಹುಟ್ಟುವ ಜಿಲ್ಲೆಯಲ್ಲಿ ಕಾಯಂ ಪಗಾರದ ಕೆಲಸಗಳು ಮಾತ್ರ ವಿರಳ ಎಂಬುದೇ ಇಲ್ಲಿನ ವೈಪರೀತ್ಯ.

ನಗರ: ಗುತ್ತಿಗೆ, ಗಿರಣಿ, ಗಂಜ್

ರಾಯಚೂರು ನಗರದಲ್ಲಿ ಪಗಾರ ನಂಬಿ ಬದುಕುವವರನ್ನು ಸ್ಥೂಲವಾಗಿ ಎರಡು ವರ್ಗ ಮಾಡಬಹುದು. ಒಂದು, ಸರ್ಕಾರಿ ಕಚೇರಿ, ಆಸ್ಪತ್ರೆ, ವಸತಿ ನಿಲಯ ಹಾಗೂ ಸ್ಥಾವರಗಳಲ್ಲಿ ಹೊರಗುತ್ತಿಗೆಯ ಮೇಲೆ ದುಡಿಯುವವರು. ಎರಡು, ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಅಂಗಡಿ ಮತ್ತು ರಾಜೇಂದ್ರ ಗಂಜ್‌ನ ಮಾರುಕಟ್ಟೆ ಪ್ರಾಂಗಣವನ್ನು ನೆಚ್ಚಿದವರು.

ಮೊದಲ ವರ್ಗದ ಸಮಸ್ಯೆ ಪಗಾರದ ಮೊತ್ತಕ್ಕಿಂತ ಅದರ ವಿಳಂಬ. ಇಲಾಖೆಯಿಂದ ಏಜೆನ್ಸಿಗೆ ಬಿಲ್ ಪಾವತಿಯಾಗದೆ ಏಜೆನ್ಸಿ ನೌಕರನಿಗೆ ಕೊಡುವುದಿಲ್ಲ. ಎರಡು ಮೂರು ತಿಂಗಳ ಪಗಾರ ಒಟ್ಟಿಗೆ ಬರುವುದೂ ಉಂಟು. ರಾಜ್ಯದಾದ್ಯಂತ ಹೊರಗುತ್ತಿಗೆ ನೌಕರರು ನಡೆಸಿದ ಧರಣಿಗಳ ಬೇಡಿಕೆ ಪಟ್ಟಿಯಲ್ಲಿ ವೇತನ ಬಾಕಿ ಪದೇ ಪದೇ ಕಾಣಿಸಿಕೊಂಡಿದೆ. ಮೂರು ತಿಂಗಳ ಪಗಾರ ಒಮ್ಮೆಗೇ ಬಂದರೆ ನಷ್ಟವೇನು ಎಂದು ಕೇಳಬಹುದು. ಆ ಮೂರು ತಿಂಗಳು ಮನೆ ನಡೆದದ್ದು ಬಡ್ಡಿಯ ದುಡ್ಡಿನಲ್ಲಿ. ಆ ಬಡ್ಡಿಯನ್ನು ಇಲಾಖೆಯೂ ಕೊಡುವುದಿಲ್ಲ, ಏಜೆನ್ಸಿಯೂ ಕೊಡುವುದಿಲ್ಲ.

ಎರಡನೆಯ ವರ್ಗಕ್ಕೆ ಹಂಗಾಮೇ ಯಜಮಾನ. ಹತ್ತಿಯ ಆವಕ ಅಕ್ಟೋಬರ್‌ನಿಂದ ಏರಿ ಬೇಸಿಗೆಯ ಹೊತ್ತಿಗೆ ಇಳಿಯುತ್ತದೆ. ಹಮಾಲರಿಗೆ ಕೂಲಿ ಎಂದರೆ ಚೀಲದ ಲೆಕ್ಕ. ಚೀಲ ಬರದ ದಿನ ಕೂಲಿಯೂ ಇಲ್ಲ. ಹಂಗಾಮಿನಲ್ಲಿ ಕೈತುಂಬ ದುಡಿದ ಕುಟುಂಬವೇ ಮೇ, ಜೂನ್ ತಿಂಗಳಲ್ಲಿ ಸಾಲಕ್ಕೆ ನಿಲ್ಲುತ್ತದೆ. ಶಾಲೆಗಳು ತೆರೆಯುವುದು, ಶುಲ್ಕ, ಸಮವಸ್ತ್ರ, ಪುಸ್ತಕದ ಖರ್ಚು ಬರುವುದು ಅದೇ ತಿಂಗಳಲ್ಲಿ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ದಿನಗೂಲಿಯನ್ನು ಅಂದಿನ ಪಾಳಿ ಮುಗಿದಾಗ ಕೊಡಬೇಕು. ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆಯಲಾದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಎಲ್ಲ ಕಡಿತಗಳು ಸೇರಿ ವೇತನದ ಅರ್ಧವನ್ನು ಮೀರುವಂತಿಲ್ಲ. ಗುತ್ತಿಗೆದಾರ ವೇತನ ಕೊಡದಿದ್ದರೆ ಅದನ್ನು ಕೊಡುವ ಹೊಣೆ ಮೂಲ ಉದ್ಯೋಗದಾತನ ಮೇಲೆ ಬೀಳುತ್ತದೆ ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಗಳಲ್ಲೂ ಇದೆ. ಈ ಮೂಲ ಉದ್ಯೋಗದಾತ ಕೆಲವೊಮ್ಮೆ ಸರ್ಕಾರವೇ ಆಗಿರುವುದರಿಂದ ನೌಕರ ದೂರು ಕೊಡಲು ಹಿಂಜರಿಯುತ್ತಾನೆ ಎಂಬುದು ಬೇರೆ ಮಾತು.

ಮಾನ್ವಿ: ಕಾಲುವೆಯ ಕೆಳಭಾಗ

ಮಾನ್ವಿ ಪಟ್ಟಣದ ಅಂಗಡಿಯಲ್ಲಿ ಕೆಲಸಕ್ಕಿರುವ ಯುವಕನ ಪಗಾರಕ್ಕೂ ತುಂಗಭದ್ರಾ ಜಲಾಶಯಕ್ಕೂ ಮೇಲ್ನೋಟಕ್ಕೆ ಸಂಬಂಧ ಕಾಣದು. ವಾಸ್ತವದಲ್ಲಿ ಆ ಅಂಗಡಿಯ ವ್ಯಾಪಾರ ನಿಂತಿರುವುದೇ ಎಡದಂಡೆ ಕಾಲುವೆಯ ನೀರಿನ ಮೇಲೆ. ಕೊಪ್ಪಳ ಜಿಲ್ಲೆಯಿಂದ ಹೊರಟು ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರು ತಾಲ್ಲೂಕಿನವರೆಗೆ ಬರುವ ಈ ಕಾಲುವೆ 220 ಕಿ.ಮೀ.ಗೂ ಅಧಿಕ ಉದ್ದವಿದೆ. ಅರೆನೀರಾವರಿ ಬೆಳೆಗಳನ್ನು ಮುಖ್ಯವಾಗಿಟ್ಟುಕೊಂಡು ರೂಪಿಸಿದ ಯೋಜನೆಯಲ್ಲಿ ಮೇಲ್ಭಾಗದವರು ಭತ್ತಕ್ಕಿಳಿದ ಪರಿಣಾಮವಾಗಿ ಕೆಳಭಾಗಕ್ಕೆ ನೀರು ತಲುಪುವುದು ಪ್ರತಿ ವರ್ಷದ ವಿವಾದ. ಮಾನ್ವಿ ಮತ್ತು ಸಿರವಾರ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ಸುದ್ದಿ ಓದುವವರಿಗೆ ಹೊಸದೇನಲ್ಲ.

ಎರಡು ಬೆಳೆ ಕೈಸೇರಿದ ವರ್ಷ ನಾಟಿ, ಕಳೆ, ಕೊಯ್ಲು, ಗಿರಣಿ, ಸಾಗಣೆ ಎಂದು ಕೂಲಿಯ ದಿನಗಳು ಹರಡಿಕೊಳ್ಳುತ್ತವೆ. ಒಂದೇ ಬೆಳೆಯಾದರೆ ಅರ್ಧ ವರ್ಷದ ಕೂಲಿ ಇಲ್ಲವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಅಳವಡಿಸಿ ಆ ವರ್ಷವನ್ನು ನಿಭಾಯಿಸಲಾಯಿತು. ಆದರೆ ಹಳೆಯ ಗೇಟುಗಳನ್ನೆಲ್ಲ ಬದಲಿಸುವ ಕಾಮಗಾರಿಗಾಗಿ 2025–26ರ ಎರಡನೇ ಬೆಳೆಗೆ ನೀರು ಬಿಡದಿರಲು 2025ರ ನವೆಂಬರ್‌ನಲ್ಲಿ ನಿರ್ಧರಿಸಲಾಯಿತು. ಜಲಾಶಯದ ಸುರಕ್ಷತೆಯ ದೃಷ್ಟಿಯಿಂದ ಈ ನಿರ್ಧಾರ ಅನಿವಾರ್ಯವಾಗಿತ್ತು. ರೈತರ ಪರಿಹಾರದ ಬೇಡಿಕೆಯೂ ಚರ್ಚೆಗೆ ಬಂತು. ಭೂಮಿಯಿಲ್ಲದ ಕೂಲಿಯವರ, ಗಿರಣಿ ಕೆಲಸಗಾರರ, ಅಂಗಡಿ ಹುಡುಗರ ಕಳೆದುಹೋದ ದಿನಗಳು ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. ಅವರ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲವಲ್ಲ.

ದೇವದುರ್ಗ: ಗುಳೆ ಮತ್ತು ಮುಂಗಡ

ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಿದೆ, ಆದರೆ ತಾಲ್ಲೂಕಿನ ಎಲ್ಲ ಹಳ್ಳಿಗಳಿಗಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳತ್ತ ಗುಳೆ ಹೋಗುವುದು ಇಲ್ಲಿ ಹಲವು ತಲೆಮಾರುಗಳ ರೂಢಿ. ಕಟ್ಟಡ ಕೆಲಸದಲ್ಲಿ ಊರಿಗಿಂತ ಹೆಚ್ಚಿನ ಕೂಲಿ ಸಿಗುತ್ತದೆ. ಅಲ್ಲಿನ ಶೆಡ್ಡು, ಊಟ, ಓಡಾಟದ ಖರ್ಚು ಕಳೆದು ಉಳಿದದ್ದು ಊರಿನ ಸಾಲಕ್ಕೆ ಜಮೆಯಾಗುತ್ತದೆ.

ಗುಳೆಯ ಆರ್ಥಿಕತೆಯಲ್ಲಿ ಗಮನಿಸಬೇಕಾದ ಅಂಶ ಮುಂಗಡ. ಮದುವೆ, ಕಾಯಿಲೆ ಅಥವಾ ಮನೆ ಕಟ್ಟಲು ಮೇಸ್ತ್ರಿಯಿಂದ ಪಡೆದ ಮುಂಗಡವನ್ನು ದುಡಿದು ತೀರಿಸುವ ಪದ್ಧತಿಯಲ್ಲಿ ಪಗಾರ ಬರುವ ಮುನ್ನವೇ ಖರ್ಚಾಗಿರುತ್ತದೆ. ತಿಂಗಳಿಂದ ತಿಂಗಳಿಗೆ ಬದುಕುವವರದು ಒಂದು ಕಷ್ಟವಾದರೆ, ಇವರು ಮುಂದಿನ ವರ್ಷದ ದುಡಿಮೆಯನ್ನೇ ಈ ವರ್ಷ ತಿಂದಿರುತ್ತಾರೆ. ಮುಂಗಡದ ನೆಪದಲ್ಲಿ ಬೇರೆಡೆ ಕೆಲಸಕ್ಕೆ ಹೋಗದಂತೆ ತಡೆಯುವುದು, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಅಂತಹ ಸಾಲ ಕಾನೂನಿನ ದೃಷ್ಟಿಯಲ್ಲಿ ಸಾಲವೇ ಅಲ್ಲ.

ಗುಳೆ ತಡೆಯಲು ಬಂದ ದೊಡ್ಡ ಯೋಜನೆ ಉದ್ಯೋಗ ಖಾತ್ರಿ. 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಅದು ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳ ಪೈಕಿ ರಾಯಚೂರೂ ಒಂದು. ಬೀದರ್, ಗುಲ್ಬರ್ಗ, ದಾವಣಗೆರೆ ಮತ್ತು ಚಿತ್ರದುರ್ಗ ಉಳಿದವು. 2025–26ರಲ್ಲಿ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಕೆಲಸ ಸಿಕ್ಕರೆ ಒಂದು ಕುಟುಂಬಕ್ಕೆ 37,000 ರೂಪಾಯಿ. ಹದಿನೈದು ದಿನಗಳಲ್ಲಿ ಕೂಲಿ ಖಾತೆಗೆ ಜಮೆಯಾಗಬೇಕೆಂಬ ನಿಯಮವಿದ್ದರೂ ತಿಂಗಳುಗಟ್ಟಲೆ ಕಾದ ಅನುಭವವೇ ಕೂಲಿಕಾರರನ್ನು ಮತ್ತೆ ಮೇಸ್ತ್ರಿಯ ಬಳಿಗೆ ಕಳಿಸಿತು. ಮೇಸ್ತ್ರಿ ಕೊಡುವುದು ಕಡಿಮೆಯಿರಬಹುದು, ಶನಿವಾರ ಕೊಡುತ್ತಾನೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಸ್ಥಾನಕ್ಕೆ ಹೊಸ ಗ್ರಾಮೀಣ ಉದ್ಯೋಗ ಕಾಯ್ದೆಯನ್ನು ಅಂಗೀಕರಿಸಿತು. ವರ್ಷಕ್ಕೆ 125 ದಿನಗಳ ಕೆಲಸದ ಭರವಸೆ ಅದರಲ್ಲಿದೆ. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನಗಳವರೆಗೆ ಕೆಲಸ ನಿಲ್ಲಿಸಲೂ ಅವಕಾಶವಿದೆ. ಕೂಲಿ ಯಾವ ದಿನ ಕೈಸೇರುತ್ತದೆ ಎಂಬುದೇ ಅದರ ಯಶಸ್ಸನ್ನು ನಿರ್ಧರಿಸಲಿದೆ.

ಗುಳೆ ಹೋಗುವವರಿಗೆ ಎರಡು ದಾಖಲೆಗಳು ನೇರವಾಗಿ ದುಡ್ಡು ಉಳಿಸುತ್ತವೆ. ಒಂದು ರಾಷ್ಟ್ರ, ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಬೇರೆ ಊರಿನ, ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರೊಳಗಿರಬೇಕು. ನೋಂದಾಯಿತರ ಮಕ್ಕಳಿಗೆ ಶೈಕ್ಷಣಿಕ ನೆರವು, ಅಪಘಾತ ಪರಿಹಾರ, ಪಿಂಚಣಿ ಇವೆಲ್ಲ ಆ ಕಾರ್ಡಿಗೆ ಅಂಟಿಕೊಂಡಿವೆ. ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸದೆ ಬಿಟ್ಟರೆ ಸೌಲಭ್ಯ ಕೇಳುವ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ.

ಸಾಲದ ನಿಜವಾದ ಬೆಲೆ

ಈ ಭಾಗದಲ್ಲಿ ಸಾಲ ಸಿಗುವ ಬಾಗಿಲುಗಳು ಅನೇಕ. ಕಿರಾಣಿ ಉದ್ರಿಗೆ ಬಡ್ಡಿ ಇಲ್ಲ ಎನ್ನುತ್ತಾರೆ. ಆದರೆ ಉದ್ರಿ ಗಿರಾಕಿ ದರ ಕೇಳುವಂತಿಲ್ಲ, ಅಂಗಡಿ ಬದಲಿಸುವಂತಿಲ್ಲ. ಬಡ್ಡಿ ಅಲ್ಲೇ ಅಡಗಿದೆ.

ಖಾಸಗಿ ಲೇವಾದೇವಿಯಲ್ಲಿ ‘ನೂರಕ್ಕೆ ಮೂರು’ ಎಂಬ ಮಾತು ಕಿವಿಗೆ ಹಗುರ. ಅದು ತಿಂಗಳ ದರ, ವರ್ಷಕ್ಕೆ ಶೇ 36. ಹೀಗೆ 30,000 ರೂಪಾಯಿ ಪಡೆದವರು ತಿಂಗಳಿಗೆ 900 ರೂಪಾಯಿ ಬಡ್ಡಿ ಕಟ್ಟುತ್ತ ಹೋದರೆ ಮೂರು ವರ್ಷಗಳಲ್ಲಿ ಕಟ್ಟಿದ್ದು 32,400 ರೂಪಾಯಿ. ಅಸಲು ಮಾತ್ರ 30,000 ಹಾಗೆಯೇ ಉಳಿದಿರುತ್ತದೆ.

ಇದಕ್ಕಿಂತ ಮೋಸದ ಲೆಕ್ಕ ವಾರದ ಸಾಲದ್ದು. 10,000 ರೂಪಾಯಿ ಸಾಲವೆಂದು ಬರೆದು, ಸಾವಿರ ಮುರಿದುಕೊಂಡು 9,000 ಕೈಗಿಟ್ಟು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲಿ ಮಾಡುವ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಸಾವಿರ ರೂಪಾಯಿ ಬಡ್ಡಿ, ಅಂದರೆ ಶೇ 10 ಎಂದು ಸಾಲಗಾರ ಭಾವಿಸುತ್ತಾನೆ. ಆದರೆ ಅಸಲು ವಾರವಾರವೂ ಇಳಿಯುತ್ತಿರುವುದರಿಂದ ಪೂರ್ತಿ ಹಣ ಅವನ ಬಳಿ ಇದ್ದದ್ದು ಒಂದೇ ವಾರ. ಸರಿಯಾಗಿ ಲೆಕ್ಕ ಹಾಕಿದರೆ ಬಡ್ಡಿ ವಾರಕ್ಕೆ ಸುಮಾರು ಶೇ 2, ವರ್ಷಕ್ಕೆ ಶೇ 100ಕ್ಕೂ ಅಧಿಕ. ತಳ್ಳುಗಾಡಿಯ ವ್ಯಾಪಾರಿಯ ಲಾಭ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ರಾಜ್ಯದಲ್ಲಿ ಪರವಾನಗಿ ಪಡೆದ ಲೇವಾದೇವಿದಾರರಿಗೆ ನಿಗದಿಯಾದ ಗರಿಷ್ಠ ಬಡ್ಡಿ ಅಡಮಾನವಿದ್ದರೆ ವರ್ಷಕ್ಕೆ ಶೇ 14, ಇಲ್ಲದಿದ್ದರೆ ಶೇ 16. ದುಬಾರಿ ಬಡ್ಡಿ ನಿಷೇಧ ಕಾಯ್ದೆ 2004ರಿಂದಲೂ ಇದೆ.

ಮೂರನೆಯದು ಮೈಕ್ರೊ ಫೈನಾನ್ಸ್. ಮಹಿಳೆಯರ ಗುಂಪಿಗೆ ಅಡಮಾನವಿಲ್ಲದೆ ಸಿಗುವ ಈ ಸಾಲ ಮೀಟರ್ ಬಡ್ಡಿಗಿಂತ ಅಗ್ಗ ಎಂಬುದರಲ್ಲಿ ಅನುಮಾನವಿಲ್ಲ. ತೊಂದರೆ ಬಂದದ್ದು ಒಂದೇ ಮನೆಗೆ ನಾಲ್ಕಾರು ಸಂಸ್ಥೆಗಳು ಸಾಲ ಕೊಟ್ಟಾಗ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಂತೆ ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಕೊಡುವ ಅಡಮಾನರಹಿತ ಸಾಲವೇ ಮೈಕ್ರೊ ಫೈನಾನ್ಸ್ ಸಾಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಒಂದು ಉದಾಹರಣೆ ನೋಡಬಹುದು. 50,000 ರೂಪಾಯಿ ಸಾಲವನ್ನು ಶೇ 24ರ ಬಡ್ಡಿಗೆ ಎರಡು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 2,640 ರೂಪಾಯಿ. ತಿಂಗಳಿಗೆ 15,000 ಆದಾಯದ ಮನೆ ಅಂತಹ ಮೂರು ಸಾಲ ಪಡೆದರೆ ಕಂತು 7,900 ದಾಟುತ್ತದೆ. ಮಿತಿ ಇರುವುದು 7,500. ಅಂದರೆ ಮೂರನೇ ಸಾಲ ಮಂಜೂರಾದ ದಿನವೇ ನಿಯಮ ಮುರಿದಿದೆ. ಹಳೆಯ ಸಾಲದ ಕಂತಿಗಾಗಿ ಹೊಸ ಸಾಲ ತೆಗೆಯುವ ಹಂತ ತಲುಪಿದ ಮನೆಗೆ ಹಿಂದಿರುಗುವ ದಾರಿ ಕಷ್ಟ.

2024ರ ಕೊನೆ ಮತ್ತು 2025ರ ಆರಂಭದಲ್ಲಿ ರಾಯಚೂರು ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಿಂದ ವಸೂಲಿ ಕಿರುಕುಳದ ದೂರುಗಳು, ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ವರದಿಗಳು ಬಂದವು. ರಾಜ್ಯ ಸರ್ಕಾರದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿದ ನಂತರ 2025ರ ಫೆಬ್ರುವರಿ 12ರಂದು ಅದು ಜಾರಿಗೆ ಬಂದಿತು, ಮುಂದೆ ವಿಧಾನಮಂಡಲ ಅದನ್ನು ಕಾಯ್ದೆಯಾಗಿ ಅಂಗೀಕರಿಸಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನೋಂದಣಿ ಅಥವಾ ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟಿದ್ದ ಸಾಲ ತೀರಿದಂತೆಯೇ ಎಂದೂ ಅದು ಹೇಳುತ್ತದೆ. ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳ ಸಾಲ ಈ ಕಾಯ್ದೆಯಿಂದ ಮನ್ನಾ ಆಗುವುದಿಲ್ಲ. ಮನ್ನಾ ಆಯಿತೆಂದು ಕಂತು ನಿಲ್ಲಿಸಿದವರ ಹೆಸರು ಸಾಲ ಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ಕೆಡುತ್ತದೆ. ಆ ಮೇಲೆ ಬ್ಯಾಂಕಿನ ಬಾಗಿಲೂ ಮುಚ್ಚಿ ಮತ್ತೆ ಮೀಟರ್ ಬಡ್ಡಿಯವನೇ ಗತಿಯಾಗುತ್ತಾನೆ.

ಸರ್ಕಾರದಿಂದ ಬರುವ ಹಣ

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ, 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಇವು ಇಂತಹ ಮನೆಗಳ ಲೆಕ್ಕವನ್ನು ನಿಶ್ಚಿತವಾಗಿ ಬದಲಿಸಿವೆ. ಮಾನ್ವಿಯಿಂದ ರಾಯಚೂರಿಗೆ ನಿತ್ಯ ಕೆಲಸಕ್ಕೆ ಬರುವ ಮಹಿಳೆಗೆ ಬಸ್ ಖರ್ಚು ಉಳಿಯುವುದು ಪಗಾರ ಹೆಚ್ಚಳಕ್ಕೆ ಸಮ. ಅನ್ನಭಾಗ್ಯದಡಿ ಹೆಚ್ಚುವರಿ ಅಕ್ಕಿಯ ಬದಲಿಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿ 2025ರ ಫೆಬ್ರುವರಿಯಿಂದ ಅಕ್ಕಿಯನ್ನೇ ಕೊಡಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ಆಹಾರ ಕಿಟ್ ನೀಡಲು ಸಚಿವ ಸಂಪುಟ ಒಪ್ಪಿತು.

ಆದರೆ ಗೃಹಲಕ್ಷ್ಮಿ ಕಂತಿಗೂ ಖಚಿತ ತಾರೀಕಿಲ್ಲ; ಹಲವು ಬಾರಿ ತಿಂಗಳುಗಟ್ಟಲೆ ತಡವಾಗಿದೆ. ಆ 2,000 ರೂಪಾಯಿ ಬರುತ್ತದೆಂದು ನಂಬಿ ಸಂಘದ ಕಂತನ್ನು ಅದಕ್ಕೆ ಜೋಡಿಸಿಕೊಂಡರೆ ತಡವಾದ ತಿಂಗಳು ಕೈಗಡ ಅನಿವಾರ್ಯ. ಈ ಹಣವನ್ನು ಕಂತಿನ ಲೆಕ್ಕದಿಂದ ಹೊರಗಿಟ್ಟು, ಬಂದಾಗ ಹಳೆಯ ಸಾಲದ ಅಸಲಿಗೋ ಉಳಿತಾಯಕ್ಕೋ ಹಾಕುವುದು ಲೇಸು.

ಸ್ಥಿರತೆಯ ಕಡೆಗೆ

ಆರು ತಿಂಗಳ ಖರ್ಚನ್ನು ತುರ್ತು ನಿಧಿಯಾಗಿ ಇಡಿ ಎಂಬುದು ಹಣಕಾಸು ಅಂಕಣಗಳ ರೂಢಿಯ ಸಲಹೆ. ತಿಂಗಳಿಗೆ 14,000 ದುಡಿಯುವವನಿಗೆ ಅದು ತಮಾಷೆಯಂತೆ ಕೇಳಿಸುತ್ತದೆ. ಇಲ್ಲಿನ ಪರಿಸ್ಥಿತಿಗೆ ಮೊದಲ ಗುರಿ ಹತ್ತು ದಿನಗಳದು. ತಿಂಗಳ ಕೊನೆಯ ಆ ಹತ್ತು ದಿನಗಳನ್ನು ಉದ್ರಿಯಿಲ್ಲದೆ ದಾಟಲು ಒಮ್ಮೆ ಮೂರು ನಾಲ್ಕು ಸಾವಿರ ರೂಪಾಯಿ ಕೈಯಲ್ಲಿದ್ದರೆ ಸಾಕು. ಹಂಗಾಮಿನ ದುಡಿಮೆ ಇರುವ ಮನೆಗಳಲ್ಲಿ ಇದನ್ನು ಹಣಕ್ಕಿಂತ ದವಸದ ರೂಪದಲ್ಲಿ ಇಡುವುದು ಸುಲಭ. ಸುಗ್ಗಿಯಲ್ಲಿ ಜೋಳ, ತೊಗರಿ ಕೊಂಡು ತುಂಬಿಟ್ಟ ಮನೆಗೆ ಬೇಸಿಗೆಯ ಉದ್ರಿ ಅರ್ಧ ಇಳಿಯುತ್ತದೆ. ಹಗೇವುಗಳಲ್ಲಿ ಜೋಳ ಕಾಪಿಡುತ್ತಿದ್ದ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಸಾಲ ತೀರಿಸುವಲ್ಲಿ ಕ್ರಮ ಮುಖ್ಯ. ದೊಡ್ಡ ಮೊತ್ತದ ಸಾಲಕ್ಕಿಂತ ದುಬಾರಿ ಬಡ್ಡಿಯ ಸಾಲ ಮೊದಲು ಹೋಗಬೇಕು. ವಾರದ ಸಾಲ, ಆ ಮೇಲೆ ನೂರಕ್ಕೆ ಮೂರರ ಸಾಲ, ನಂತರ ಮೈಕ್ರೊ ಫೈನಾನ್ಸ್. ಮೈಕ್ರೊ ಫೈನಾನ್ಸ್ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮನೆಯಲ್ಲಿ ಸ್ವಲ್ಪ ಚಿನ್ನವಿದ್ದರೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ವಾರದ ಸಾಲ ಚುಕ್ತಾ ಮಾಡುವುದು ಬಡ್ಡಿಯ ಲೆಕ್ಕದಲ್ಲಿ ಲಾಭದಾಯಕ, ಮತ್ತೆ ವಾರದ ಸಾಲಕ್ಕೆ ಹೋಗದಿದ್ದರೆ ಮಾತ್ರ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆ 2030ರ ಮಾರ್ಚ್‌ವರೆಗೆ ವಿಸ್ತರಣೆಯಾಗಿದ್ದು, ಮೊದಲ ಹಂತದ ಸಾಲ 15,000 ರೂಪಾಯಿಗೆ ಏರಿದೆ. ಸಕಾಲಕ್ಕೆ ತೀರಿಸಿದವರಿಗೆ ಬಡ್ಡಿಯಲ್ಲಿ ಶೇ 7ರ ಸಹಾಯಧನವಿದೆ.

ಮಹಿಳೆಯರ ಸ್ವಸಹಾಯ ಸಂಘಗಳನ್ನು ಮೈಕ್ರೊ ಫೈನಾನ್ಸ್ ಗುಂಪಿನೊಂದಿಗೆ ಬೆರೆಸಿ ನೋಡುವವರಿದ್ದಾರೆ, ಎರಡೂ ಊರಲ್ಲಿ ‘ಸಂಘ’ವೇ. ವ್ಯತ್ಯಾಸ ದೊಡ್ಡದು. ಸ್ವಸಹಾಯ ಸಂಘದಲ್ಲಿ ಮೊದಲು ಉಳಿತಾಯ, ಆ ಮೇಲೆ ಸಾಲ. ಬಡ್ಡಿ ಸಂಘದ ನಿಧಿಗೇ ಮರಳುತ್ತದೆ. ನಬಾರ್ಡ್ 1992ರಲ್ಲಿ ಆರಂಭಿಸಿದ ಬ್ಯಾಂಕ್ ಜೋಡಣೆ ಹಾಗೂ ರಾಜ್ಯದ ಸ್ತ್ರೀಶಕ್ತಿ ಯೋಜನೆಯ ಮೂಲಕ ಇವು ಹಳ್ಳಿ ಹಳ್ಳಿಗೆ ಹಬ್ಬಿದವು. ಮೈಕ್ರೊ ಫೈನಾನ್ಸ್ ಗುಂಪು ಸಾಲಕ್ಕೆ ಪರಸ್ಪರ ಜಾಮೀನಿನ ಕೂಟ ಮಾತ್ರ. 1976ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾಗಿ ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳಿಗೆ ಬ್ಯಾಂಕ್ ಸೇವೆ ತಂದ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹಲವು ವಿಲೀನಗಳ ನಂತರ 2025ರ ಮೇ 1ರಿಂದ ರಾಜ್ಯದ ಏಕೈಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಸಂಘದ ಖಾತೆ ಅಂತಹ ಬ್ಯಾಂಕಿನಲ್ಲಿದ್ದು ಲೆಕ್ಕ ಸರಿಯಿದ್ದರೆ ಸಿಗುವ ಸಾಲ ಹೊರಗಿನದಕ್ಕಿಂತ ಬಹಳ ಅಗ್ಗ.

ನಗರದ ಗೆಳೆಯರ ನಡುವೆ, ಓಣಿಗಳಲ್ಲಿ ನಡೆಯುವ ಭಿಶಿ, ಚೀಟಿಗಳ ಬಗ್ಗೆ ಒಂದು ಮಾತು. ನಂಬಿಕೆಯ ಹತ್ತು ಮಂದಿಯ ಭಿಶಿ ಒಳ್ಳೆಯ ಉಳಿತಾಯವೇ. ಊರೆಲ್ಲ ಸೇರಿದ, ನೋಂದಣಿಯಿಲ್ಲದ ಚೀಟಿ ಹಾಗಲ್ಲ. ನಡೆಸುವವನು ಊರು ಬಿಟ್ಟರೆ 1982ರ ಚಿಟ್ ಫಂಡ್ ಕಾಯ್ದೆಯ ರಕ್ಷಣೆ ಸಿಗುವುದು ಕಷ್ಟ. ಅದಕ್ಕೆ ಬದಲು ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆವರ್ತಕ ಠೇವಣಿ ಆರಂಭಿಸಬಹುದು. ಬ್ಯಾಂಕಿನಲ್ಲಾದರೆ ಒಂದು ವರ್ಷದ ಅವಧಿ ಆಯ್ದುಕೊಳ್ಳಲು ಸಾಧ್ಯ. ಅದನ್ನು ಜೂನ್‌ನಲ್ಲಿ ಆರಂಭಿಸಿದರೆ ಮುಂದಿನ ವರ್ಷದ ಶಾಲಾ ಶುಲ್ಕದ ಹೊತ್ತಿಗೆ ಕೈಗೆ ಬರುತ್ತದೆ. ತಿಂಗಳಿಗೆ 500 ರೂಪಾಯಿಯಂತೆ ಬಡ್ಡಿ ಬಿಟ್ಟು 6,000.

ಕಷ್ಟಪಟ್ಟು ಕೂಡಿಟ್ಟಿದ್ದನ್ನು ಒಂದೇ ಏಟಿಗೆ ಒಯ್ಯುವುದು ಕಾಯಿಲೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಚೀಟಿಯವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ. ಮಾಸಿಕ ವೇತನ 21,000 ರೂಪಾಯಿವರೆಗಿನ ನೌಕರನಿಗೆ, ಸಂಸ್ಥೆ ವ್ಯಾಪ್ತಿಗೆ ಒಳಪಟ್ಟಿದ್ದರೆ, ಇಎಸ್ಐ ಅನ್ವಯಿಸುತ್ತದೆ. ಅವನ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಮತ್ತು 436 ರೂಪಾಯಿಯ ಜೀವವಿಮೆ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತವೆ, ಎರಡರಲ್ಲೂ 2 ಲಕ್ಷ ರೂಪಾಯಿ ರಕ್ಷಣೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ದುಡ್ಡು ಪೂರ್ತಿ ಖಾಲಿಯಾಗುವ ತಿಂಗಳೂ ಅದೇ ಎಂಬುದನ್ನು ಇಲ್ಲಿ ನೆನಪಿಸಬೇಕು.

ಹೊರಗುತ್ತಿಗೆ ನೌಕರರು ಪಗಾರ ಚೀಟಿಯಲ್ಲಿ ಭವಿಷ್ಯ ನಿಧಿಯ ಕಡಿತ ಕಂಡರೆ ಅದು ನಿಧಿಗೆ ಜಮೆಯಾಗಿದೆಯೇ ಎಂಬುದನ್ನು ತಮ್ಮ ಯುಎಎನ್ ಸಂಖ್ಯೆಯ ಮೂಲಕ ಪಾಸ್‌ಬುಕ್‌ನಲ್ಲಿ ನೋಡಿಕೊಳ್ಳಬೇಕು. ಏಜೆನ್ಸಿ ಬದಲಾದಾಗ ಹೊಸ ಸಂಖ್ಯೆ ಪಡೆಯದೆ ಹಳೆಯದನ್ನೇ ಮುಂದುವರಿಸಿದರೆ ಸೇವಾವಧಿ ತುಂಡಾಗದು.

ದೂರು ಎಲ್ಲಿ

ವೇತನ ಬಾಕಿಯ ದೂರನ್ನು ಕಾರ್ಮಿಕ ಇಲಾಖೆಯ ಅಧಿಕಾರಿಗೆ ಲಿಖಿತವಾಗಿ ಕೊಡಬೇಕು. ಹಾಜರಾತಿ, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿಯ ನಕಲು ಜೊತೆಗಿದ್ದರೆ ಒಳ್ಳೆಯದು. ಮೈಕ್ರೊ ಫೈನಾನ್ಸ್ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡುವಂತಿಲ್ಲ, ಬಂಧುಗಳನ್ನು ಪೀಡಿಸುವಂತಿಲ್ಲ, ಬೆದರಿಸುವಂತಿಲ್ಲ. ಇದನ್ನು ಮೀರಿದರೆ ಮೊದಲು ಸಂಸ್ಥೆಗೆ ದೂರು ಕೊಟ್ಟು, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ ಶುಲ್ಕರಹಿತ ಸಂಖ್ಯೆ 14448. ಬೆದರಿಕೆ, ಹಲ್ಲೆ ಅಥವಾ ಮನೆ ಮುಂದೆ ಕುಳಿತು ಮಾನ ಕಳೆಯುವ ಪ್ರಕರಣಗಳಲ್ಲಿ ಕಾಯಬೇಕಿಲ್ಲ, ನೇರವಾಗಿ ಪೊಲೀಸ್ ಠಾಣೆಗೆ ಹೋಗಬಹುದು. 2025ರ ಕಾಯ್ದೆಯಡಿ ಅಂತಹ ದೂರನ್ನು ದಾಖಲಿಸಿಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ.